ಅಪ್ಪ-ಅಮ್ಮ ಬಿಟ್ಟುಹೋದ ಮನೆ, ವಿಲ್, ಪ್ರೊಬೇಟ್, ಪಾಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಪಾಲಿನ ಮಾತು ಬಂದಾಗಲೆಲ್ಲ ಜನ ನನ್ನನ್ನು ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು. ಕೆಲವು ಪತ್ರದಲ್ಲಿ ಬಂದವು, ಕೆಲವು ಫೋನಿನಲ್ಲಿ, ಬಹಳಷ್ಟು ತಿಥಿ ಊಟ ಮುಗಿಸಿ ಜಗಲಿಯಲ್ಲಿ ಕೂತಾಗ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಇಲ್ಲಿ ಹೇಳಿರುವುದು ನಮ್ಮ ಕರ್ನಾಟಕದಲ್ಲಿರುವ ಮನೆಗಳ ಬಗ್ಗೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಸೇರುವ ಕುಟುಂಬಗಳ ಬಗ್ಗೆ. ಜೈನರು, ಬೌದ್ಧರು, ಸಿಖ್ಖರೂ ಅದರಲ್ಲೇ ಬರುತ್ತಾರೆ. ಮುಸ್ಲಿಂ, ಕ್ರೈಸ್ತ ಮನೆಗಳಿಗೆ ಕೆಳಗೆ ಬೇರೆ ಉತ್ತರ ಇದೆ. ನಿಮ್ಮ ಕಾಗದಪತ್ರ ನೋಡದೆ ಯಾರೂ ಖಡಾಖಂಡಿತವಾಗಿ ಹೇಳಲಾರರು, ಹಾಗಾಗಿ ವಕೀಲರಿಗೆ ತೋರಿಸಿ. ಹೋಗುವ ಮುಂಚೆ ಇಷ್ಟು ಓದಿಕೊಂಡು ಹೋದರೆ ಅವರು ಹೇಳಿದ್ದು ಸರಿಯಾಗಿ ಅರ್ಥವಾಗುತ್ತದೆ.

## ಮೊದಲು ಕೇಳುವವು

ಅಪ್ಪ ವಿಲ್ ಬರೀದೇ ಹೋಗ್ಬಿಟ್ರು. ಮನೆ ಈಗ ಯಾರದ್ದು?

ಎಲ್ಲರದ್ದೂ, ಸಮಸಮ. ಮನೆ ಅಪ್ಪನ ಸ್ವಂತ ದುಡಿಮೆಯದ್ದಾಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ಪ್ರಕಾರ ಮೊದಲ ದರ್ಜೆಯ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಜೊತೆಗೆ ತೀರಿಹೋದವರ ತಾಯಿ. ಈ ತಾಯಿಯನ್ನು, ಅಂದರೆ ಅಜ್ಜಿಯನ್ನು, ಲೆಕ್ಕ ಹಾಕುವಾಗ ಜನ ಮರೆತೇಬಿಡುತ್ತಾರೆ. ಅಜ್ಜಿ, ಅಮ್ಮ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದರೆ ಐದು ಪಾಲು. ಅಜ್ಜ ಬದುಕಿದ್ದರೂ ಅವರಿಗೆ ಇದರಲ್ಲಿ ಇಲ್ಲ, ತಂದೆ ಬರುವುದು ಎರಡನೇ ದರ್ಜೆಯಲ್ಲಿ.

ಅಪ್ಪನಿಗಿಂತ ಮೊದಲೇ ಒಬ್ಬ ಮಗ ತೀರಿಕೊಂಡಿದ್ದರೆ ಅವನ ಹೆಂಡತಿ ಮಕ್ಕಳು ಸೇರಿ ಅವನ ಒಂದು ಪಾಲು ಪಡೆಯುತ್ತಾರೆ. ಸೊಸೆ ಹೊರಗಿನವಳು ಅಂತ ವಂಶವೃಕ್ಷದಲ್ಲಿ ಅವಳ ಹೆಸರನ್ನೇ ಬಿಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅವಳನ್ನು ಬಿಟ್ಟು ಮಾಡಿಸಿದ ಖಾತಾ ಆಗಲಿ, ಕ್ರಯಪತ್ರ ಆಗಲಿ, ಅವಳ ಪಾಲಿನ ಮಟ್ಟಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ತಾತನಿಂದ ಅಪ್ಪನಿಗೆ ಬಂದ ಮನೆ ಇದು. ಪಿತ್ರಾರ್ಜಿತ ಅಲ್ವಾ? ನಂಗೆ ಹುಟ್ಟಿನಿಂದಲೇ ಹಕ್ಕಿಲ್ವಾ?

ತಾತನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಅಂತ ನಮ್ಮಲ್ಲಿ ಬೇರೂರಿದ ನಂಬಿಕೆ ಇದೆ. ಅದು ಪೂರ್ತಿ ನಿಜವಲ್ಲ. ತಾತ ಸ್ವಂತ ದುಡ್ಡಿನಲ್ಲಿ ಕಟ್ಟಿದ ಮನೆ, ತಾತ ತೀರಿಕೊಂಡಿದ್ದು 1956ರ ಕಾಯ್ದೆ ಬಂದ ಮೇಲೆ, ವಿಲ್ ಇಲ್ಲ ಅಂತಿಟ್ಟುಕೊಳ್ಳಿ. ಆಗ ಅಪ್ಪನಿಗೆ ಬಂದ ಪಾಲು ಅಪ್ಪನ ಸ್ವಂತ ಆಸ್ತಿ. ಚಂದರ್ ಸೇನ್ ಪ್ರಕರಣದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಅಪ್ಪ ಇರುವವರೆಗೆ ಮಗನಾಗಲಿ ಮಗಳಾಗಲಿ ಅದರಲ್ಲಿ ಪಾಲು ಕೇಳುವ ಹಾಗಿಲ್ಲ.

1956ಕ್ಕಿಂತ ಮೊದಲೇ ತಲೆಮಾರಿನಿಂದ ಇಳಿದು ಬಂದು ಇನ್ನೂ ಪಾಲಾಗದೆ ಉಳಿದ ಅವಿಭಕ್ತ ಕುಟುಂಬದ ಮನೆಯಾದರೆ ಮಾತು ಬೇರೆ. ಅಲ್ಲಿ ಹುಟ್ಟಿನಿಂದಲೇ ಹಕ್ಕು. ಆದ್ದರಿಂದ ಮೊದಲು ಮೂಲಪತ್ರ ಹುಡುಕಿ. ಯಾರು ಕೊಂಡಿದ್ದು, ಯಾವ ಇಸವಿ, ಯಾರ ದುಡ್ಡು, ಅವರು ತೀರಿಕೊಂಡಿದ್ದು ಯಾವಾಗ. ಈ ನಾಲ್ಕು ಸಂಗತಿ ಗೊತ್ತಿಲ್ಲದೆ ಮಾಡುವ ವಾದವೆಲ್ಲ ಗಾಳಿಯಲ್ಲಿ ಗುದ್ದಿದ ಹಾಗೆ.

ಅಕ್ಕ-ತಂಗೀರಿಗೆ ಮದುವೆ ಮಾಡಿ ಕೊಟ್ಟಾಯ್ತು, ಚಿನ್ನನೂ ಹಾಕಿದ್ವಿ. ಇನ್ನೂ ಮನೇಲಿ ಪಾಲು ಯಾಕೆ?

ಮಗಳು ಅನ್ನುವ ಕಾರಣಕ್ಕೇ. ಅಪ್ಪನ ಸ್ವಂತ ಆಸ್ತಿಯಲ್ಲಿ 1956ರಿಂದಲೂ ಮಗಳಿಗೆ ಮಗನಷ್ಟೇ ಪಾಲು ಇದೆ. ಆದರೆ ಆಗ ಒಂದು ಅಡ್ಡಗಾಲಿತ್ತು. ಕುಟುಂಬ ವಾಸವಿರುವ ಮನೆಯನ್ನು ಗಂಡುಮಕ್ಕಳು ತಾವಾಗಿ ಪಾಲು ಮಾಡುವವರೆಗೆ ಹೆಣ್ಣುಮಕ್ಕಳು ಕೇಳುವ ಹಾಗಿರಲಿಲ್ಲ. ಆ 23ನೇ ಕಲಂ 2005ರಲ್ಲಿ ಹೋಯಿತು.

ಪಿತ್ರಾರ್ಜಿತದ ವಿಷಯದಲ್ಲಿ ಕರ್ನಾಟಕ ಕೇಂದ್ರಕ್ಕಿಂತ ಮೊದಲೇ ಹೆಜ್ಜೆ ಇಟ್ಟಿತ್ತು. 1994ರ ಜುಲೈ 30ರಿಂದ ಇಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಬಂತು, ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಇರಲಿಲ್ಲ. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ ಹೇಗೆ ಅನ್ನುವ ಜಗಳ ಬಹಳ ವರ್ಷ ನಡೆದು, ಕೊನೆಗೆ ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅಪ್ಪ ಆ ದಿನ ಬದುಕಿರಬೇಕಾಗಿಲ್ಲ ಎಂದು ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿಹೋಗಿದ್ದರೆ ಅದನ್ನು ಮತ್ತೆ ಕೆದಕುವಂತಿಲ್ಲ.

ಚಿನ್ನ, ಮದುವೆ ಖರ್ಚು ಪಾಲಿಗೆ ವಜಾ ಆಗುವುದಿಲ್ಲ. ತಂಗಿಯೇ ಮನಸಾರೆ ಬೇಡ ಎಂದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಗೌರಿಹಬ್ಬಕ್ಕೆ ಬಾಗಿನ ಕೊಡಲು ಕರೆದು, ಏನು ಎತ್ತ ಹೇಳದೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಸಹಿ ಹಾಕಿಸಿಕೊಳ್ಳುವ ಅಣ್ಣಂದಿರಿದ್ದಾರೆ. ಮೋಸದಿಂದ ಪಡೆದ ಸಹಿಯನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಆದರೆ ಅಷ್ಟರಲ್ಲಿ ತವರು ಅನ್ನುವುದು ಮುಗಿದುಹೋಗಿರುತ್ತದೆ.

ಮನೆ ಅಮ್ಮನ ಹೆಸರಲ್ಲಿತ್ತು. ಅದಕ್ಕೂ ಇದೇ ಲೆಕ್ಕಾನಾ?

ಇಲ್ಲ, ಹೆಂಗಸರ ಆಸ್ತಿಗೆ 15ನೇ ಕಲಂ. ವಿಲ್ ಇಲ್ಲದಿದ್ದರೆ ಗಂಡ ಮತ್ತು ಮಕ್ಕಳಿಗೆ ಸಮಪಾಲು. ತೊಡಕು ಬರುವುದು ಮಕ್ಕಳಿಲ್ಲದ ಹೆಂಗಸಿನ ವಿಷಯದಲ್ಲಿ. ತವರಿನಿಂದ, ಅಂದರೆ ತಂದೆ ಅಥವಾ ತಾಯಿಯಿಂದ, ವಾರಸಾಗಿ ಬಂದದ್ದು ಅವರ ತಂದೆಯ ವಾರಸುದಾರರಿಗೆ ಹಿಂದಿರುಗುತ್ತದೆ. ಗಂಡನಿಂದ ಬಂದದ್ದು ಗಂಡನ ಕಡೆಗೆ ಹೋಗುತ್ತದೆ. ಅವರೇ ದುಡಿದು ಕೊಂಡ ಮನೆ ಕೂಡ, ಗಂಡ ಮಕ್ಕಳು ಇಲ್ಲದಿದ್ದರೆ, ಮೊದಲು ಗಂಡನ ವಾರಸುದಾರರಿಗೇ ಸೇರುತ್ತದೆ, ಆಮೇಲೆ ಹೆತ್ತವರಿಗೆ. ಮಕ್ಕಳಿಲ್ಲದ, ಸ್ವಂತ ಮನೆ ಇರುವ ಹೆಣ್ಣುಮಗಳು ವಿಲ್ ಬರೆಯದೇ ಇರಬಾರದು ಅಂತ ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಖಾತಾ ನನ್ನ ಹೆಸರಲ್ಲಿದೆ, ಕಂದಾಯ ನಾನೇ ಕಟ್ಟೋದು. ನಂದೇ ಅಲ್ವಾ ಮನೆ?

ಅಲ್ಲ. ಖಾತಾ ಇರುವುದು ಕಂದಾಯ ವಸೂಲಿಗೆ, ಮಾಲೀಕತ್ವಕ್ಕೆ ಅದೇ ಆಧಾರವಲ್ಲ ಎಂದು ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಇ-ಖಾತಾ ಬಂದ ಮೇಲೂ ಇದು ಬದಲಾಗಿಲ್ಲ. ನಾಮಿನಿಯ ಕಥೆಯೂ ಇದೇ. ಬ್ಯಾಂಕು, ಷೇರುಗಳಲ್ಲಿ ನಾಮಿನಿ ಅಂದರೆ ದುಡ್ಡನ್ನು ಕೈಗೆ ತೆಗೆದುಕೊಳ್ಳುವವನು, ಅದು ಸೇರಬೇಕಾದದ್ದು ವಾರಸುದಾರರಿಗೆ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಶಕ್ತಿ ಯೆಜ್ದಾನಿ ತೀರ್ಪಿನಲ್ಲಿ ಮತ್ತೆ ಹೀಗೇ ಹೇಳಿದೆ.

## ವಿಲ್ ಮತ್ತು ಪ್ರೊಬೇಟ್

ಅಪ್ಪ ವಿಲ್ ಬರೆದಿಟ್ಟಿದ್ದಾರೆ. ಪ್ರೊಬೇಟ್ ಮಾಡಿಸಲೇಬೇಕಾ?

ಪ್ರೊಬೇಟ್ ಅಂದರೆ ಈ ವಿಲ್ ಅಸಲಿ, ಸರಿಯಾಗಿ ಬರೆಯಲಾಗಿದೆ ಎಂದು ಕೋರ್ಟು ಮುದ್ರೆ ಒತ್ತಿ ಕೊಡುವ ಪ್ರಮಾಣ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಇದರ ನಿಯಮಗಳಿವೆ. ಹಿಂದೂಗಳಿಗೆ ಅದು ಕಡ್ಡಾಯ ಇದ್ದದ್ದು ಹಳೆಯ ಬ್ರಿಟಿಷ್ ಪ್ರೆಸಿಡೆನ್ಸಿಗಳ ಲೆಕ್ಕದಲ್ಲಿ, ಮುಖ್ಯವಾಗಿ ಮುಂಬೈ, ಚೆನ್ನೈ, ಕೋಲ್ಕತ್ತಾ ನಗರಗಳಿಗೆ. ಬೆಂಗಳೂರಿನ, ಮೈಸೂರಿನ, ಹುಬ್ಬಳ್ಳಿಯ ಮನೆಗೆ ಮೊದಲಿಂದಲೂ ಕಡ್ಡಾಯ ಇರಲಿಲ್ಲ. ಆ ಕಡ್ಡಾಯ ಹೇಳುತ್ತಿದ್ದ 213ನೇ ಕಲಮನ್ನು 2025ರ ಡಿಸೆಂಬರ್‌ನಲ್ಲಿ ಸಂಸತ್ತೇ ತೆಗೆದುಹಾಕಿತು. ಅಪ್ಪ ಮುಂಬೈಯಲ್ಲಿ ಕೆಲಸದಲ್ಲಿದ್ದು ಅಲ್ಲೊಂದು ಫ್ಲ್ಯಾಟ್ ಮಾಡಿದ್ದ ಕನ್ನಡದ ಮನೆಗಳಿಗೆ ಇದು ದೊಡ್ಡ ಬದಲಾವಣೆ.

ಕಡ್ಡಾಯ ಇಲ್ಲ ಅಂದ ಮಾತ್ರಕ್ಕೆ ಬೇಡವೇ ಬೇಡ ಅಂತಲ್ಲ. ಮನೆಯಲ್ಲಿ ಎಲ್ಲರೂ ಒಪ್ಪಿದ್ದರೆ ವಿಲ್, ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಖಾತಾ ಬದಲಾವಣೆಗೆ ಅರ್ಜಿ ಹಾಕಿದರೆ ಸಾಕಾಗುತ್ತದೆ. ಒಬ್ಬರು ತಕರಾರು ಎತ್ತಿದರೂ ಕಚೇರಿಯವರು ಕೋರ್ಟಿಗೆ ಹೋಗಿ ಅನ್ನುತ್ತಾರೆ. ಆಗ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ. ವಿಲ್‌ನಲ್ಲಿ ಅದನ್ನು ಜಾರಿ ಮಾಡುವವರ ಹೆಸರು ಇದ್ದರೆ ಅವರು ಪ್ರೊಬೇಟ್ ಕೇಳುತ್ತಾರೆ, ಇಲ್ಲದಿದ್ದರೆ ಫಲಾನುಭವಿಗಳು ಆಡಳಿತ ಪತ್ರ, ಅಂದರೆ ವಿಲ್ ಜಾರಿ ಮಾಡಲು ಕೋರ್ಟು ಅಧಿಕಾರ ಕೊಡುವ ಪತ್ರ, ಕೇಳುತ್ತಾರೆ. ಅರ್ಜಿ ಹಾಕುವ ಹಕ್ಕು ಹುಟ್ಟಿದ ಮೇಲೆ ಮೂರು ವರ್ಷದ ಕಾಲಮಿತಿ ಇದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ, ಆದ್ದರಿಂದ ವರ್ಷಾಬ್ದಿಕ ಮುಗಿಯಲಿ, ಮಗಳ ಮದುವೆ ಮುಗಿಯಲಿ ಅಂತ ಮುಂದೂಡುತ್ತಾ ಹೋಗಬೇಡಿ.

ವಂಶವೃಕ್ಷ, ಸಕ್ಸೆಷನ್ ಸರ್ಟಿಫಿಕೇಟ್, ಪ್ರೊಬೇಟ್. ಯಾವುದಕ್ಕೆ ಯಾವುದು ಬೇಕು?

ವಂಶವೃಕ್ಷ ನಾಡಕಚೇರಿಯಲ್ಲಿ ಸಿಗುತ್ತದೆ, ಯಾರು ಯಾರಿಗೆ ಏನಾಗಬೇಕು ಅಂತ ಅದು ತೋರಿಸುತ್ತದೆ ಅಷ್ಟೇ. ಸಕ್ಸೆಷನ್ ಸರ್ಟಿಫಿಕೇಟ್ ಕೋರ್ಟು ಕೊಡುವುದು, ಬ್ಯಾಂಕ್ ಠೇವಣಿ, ಷೇರು, ಬರಬೇಕಾದ ಸಾಲ ಇಂಥವಕ್ಕೆ. ಮನೆಗೆ ಅದು ಬೇಕಿಲ್ಲ, ಮನೆಗೆ ಅದು ನಡೆಯುವುದೂ ಇಲ್ಲ. ಎಷ್ಟೋ ಜನ ಮನೆಗಾಗಿ ಇದನ್ನು ಮಾಡಿಸಲು ದುಡ್ಡು ಕಳೆದುಕೊಂಡಿದ್ದಾರೆ. ಪ್ರೊಬೇಟ್ ವಿಲ್ ಇದ್ದಾಗ ಮಾತ್ರ.

ಬಿಳಿ ಹಾಳೆ ಮೇಲೆ ಬರೆದ ವಿಲ್. ರಿಜಿಸ್ಟರ್ ಆಗಿಲ್ಲ. ನಡೆಯುತ್ತಾ?

ನಡೆಯುತ್ತದೆ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯ ಅಲ್ಲ. ಬೇಕಾದದ್ದು ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಮತ್ತು ಅವರು ಸಹಿ ಹಾಕಿದ್ದನ್ನು ನೋಡಿದ ಇಬ್ಬರು ಸಾಕ್ಷಿಗಳ ಸಹಿ. ಆ ಇಬ್ಬರಲ್ಲಿ ಒಬ್ಬರಾದರೂ ಬದುಕಿದ್ದರೆ ಅವರು ಕೋರ್ಟಿಗೆ ಬಂದು ಹೇಳಬೇಕು. ಅದಕ್ಕೇ ವಯಸ್ಸಾದ ಅಪ್ಪನ ಇನ್ನೂ ವಯಸ್ಸಾದ ಗೆಳೆಯರನ್ನು ಸಾಕ್ಷಿ ಹಾಕಬೇಡಿ, ಕಿರಿಯರೊಬ್ಬರು ಇರಲಿ. ನೋಂದಣಿ ಮಾಡಿಸಿದರೆ ಒಳ್ಳೆಯದು, ಆದರೆ ನೋಂದಣಿಯಾದ ವಿಲ್ ಕೂಡ ಅನುಮಾನ ಇದ್ದರೆ ಬೀಳಬಹುದು. ಎರಡು ವಿಲ್ ಇದ್ದರೆ ಕೊನೆಯದ್ದಕ್ಕೇ ಬೆಲೆ, ಮೊದಲಿನದು ನೋಂದಣಿಯಾಗಿ ಎರಡನೆಯದು ಆಗಿರದಿದ್ದರೂ ಸರಿ.

ಅಣ್ಣ ಈಗ ಇದ್ದಕ್ಕಿದ್ದ ಹಾಗೆ ಒಂದು ವಿಲ್ ತೋರಿಸ್ತಿದ್ದಾನೆ. ಅಪ್ಪನಿಗೆ ಕೊನೆ ಆರು ತಿಂಗಳು ನಮ್ಮ ಗುರುತೇ ಇರಲಿಲ್ಲ. ಏನ್ ಮಾಡೋದು?

ಇಂಥ ಪ್ರಶ್ನೆಗೆ ಆಧಾರವಾದ ತೀರ್ಪು ನಮ್ಮ ಮೈಸೂರಿನ ಕಡೆಯ ಕುಟುಂಬದ್ದೇ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1958ರ ಕೊನೆಗೆ, ಪುಸ್ತಕಗಳಲ್ಲಿ 1959ರದ್ದೆಂದು ಕಾಣುತ್ತದೆ. ಇವತ್ತಿಗೂ ದೇಶದ ಯಾವ ಮೂಲೆಯ ವಿಲ್ ಜಗಳದಲ್ಲೂ ವಕೀಲರು ಇದನ್ನು ಓದುತ್ತಾರೆ. ಅದರ ಸಾರ ಇಷ್ಟು: ವಿಲ್ ತಂದವರೇ ಅದು ನಿಜ ಅಂತ ಸಾಬೀತು ಮಾಡಬೇಕು, ಅನುಮಾನ ಹುಟ್ಟಿಸುವ ಸಂಗತಿಗಳಿದ್ದರೆ ಅದನ್ನು ನಿವಾರಿಸುವ ಹೊರೆಯೂ ಅವರದ್ದೇ. ವಿಲ್ ಬರೆಸಲು ಓಡಾಡಿದವನೇ ಅದರಿಂದ ದೊಡ್ಡ ಲಾಭ ಪಡೆಯುವವನಾದರೆ ಅದೇ ಒಂದು ಅನುಮಾನ.

ನೀವು ಮೊದಲು ಆ ವಿಲ್‌ನ ಪ್ರತಿ ಕೇಳಿ, ಕೈಯಲ್ಲಿ ಹಿಡಿದು ನಿಧಾನವಾಗಿ ಓದಿ. ಯಾವಾಗಲೂ ಕನ್ನಡದಲ್ಲಿ ಸಹಿ ಹಾಕುತ್ತಿದ್ದ ಅಪ್ಪ ಇಲ್ಲಿ ಹೆಬ್ಬೆಟ್ಟು ಒತ್ತಿದ್ದಾರಾ? ಪ್ರತಿ ಪುಟಕ್ಕೂ ಸಹಿ ಇದೆಯಾ, ಕೊನೇ ಪುಟಕ್ಕೆ ಮಾತ್ರವಾ? ಕೊನೆಯ ಸಾಲುಗಳು ಸಹಿಗೆ ಜಾಗ ಹೊಂದಿಸಲು ಒತ್ತೊತ್ತಾಗಿ ಟೈಪ್ ಆಗಿವೆಯಾ? ಅಂದರೆ ಖಾಲಿ ಹಾಳೆಯ ಮೇಲೆ ಮೊದಲೇ ಸಹಿ ಇತ್ತಾ ಅನ್ನುವ ಪ್ರಶ್ನೆ ಏಳುತ್ತದೆ. ಹೆಂಡತಿಗೋ ಮಗಳಿಗೋ ಏನೂ ಕೊಡದೆ, ಯಾಕೆ ಅಂತ ಒಂದು ಸಾಲೂ ಬರೆದಿಲ್ಲವಾ? ಸಾಕ್ಷಿಗಳು ಅಪ್ಪನ ಪರಿಚಯದವರಾ, ಅಣ್ಣನ ಆಫೀಸಿನವರಾ? ವಿಲ್‌ನ ತಾರೀಖಿನಂದು ಅಪ್ಪ ಎಲ್ಲಿದ್ದರು? ಆಸ್ಪತ್ರೆಯಲ್ಲಿದ್ದರೆ ಅಲ್ಲಿಯ ಕೇಸ್ ಶೀಟ್‌ನ ನಕಲು ಈಗಲೇ ತೆಗೆದಿಟ್ಟುಕೊಳ್ಳಿ, ಮುಂದೆ ಸಿಗದೇ ಹೋಗಬಹುದು. ಅಣ್ಣ ಪ್ರೊಬೇಟ್‌ಗೆ ಹೋಗುವ ಸೂಚನೆ ಇದ್ದರೆ ಜಿಲ್ಲಾ ನ್ಯಾಯಾಲಯದಲ್ಲಿ ಕೇವಿಯಟ್ ಹಾಕಿ, ಆಗ ನಿಮಗೆ ತಿಳಿಸದೆ ಆದೇಶ ಆಗುವುದಿಲ್ಲ. ನೀವು ವಿರೋಧಿಸಿದ ಕೂಡಲೇ ಅರ್ಜಿ ದಾವೆಯ ರೂಪಕ್ಕೆ ತಿರುಗಿ, ಸಾಕ್ಷಿ ವಿಚಾರಣೆ ನಡೆಯುತ್ತದೆ.

ಒಂದು ಮಾತು ಅಣ್ಣಂದಿರಿಗೆ. ವಿಲ್ ನಿಜವಾದದ್ದೇ ಆಗಿದ್ದರೆ ಹದಿಮೂರನೇ ದಿನ ಎಲ್ಲರೂ ಸೇರಿರುವಾಗಲೇ ಎದುರಿಗಿಟ್ಟು ಓದಿಬಿಡಿ. ಬೀರುವಿನಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟು ಆಮೇಲೆ ತೆಗೆದ ಒಳ್ಳೆಯ ವಿಲ್ ಮೇಲೂ ಅನುಮಾನ ಬರುತ್ತದೆ. ನಾನು ಕೇಳಿದ ಜಗಳಗಳಲ್ಲಿ ಹೆಚ್ಚಿನವು ಶುರುವಾದದ್ದು ಪಾಲು ಕಡಿಮೆ ಆಯಿತು ಅಂತಲ್ಲ, ನನಗೆ ಹೇಳಲೇ ಇಲ್ಲ ಅಂತ.

ಇಡೀ ಮನೆ ತಮ್ಮನೊಬ್ಬನಿಗೇ ಬರೆದಿದ್ದಾರೆ. ಹಾಗೆಲ್ಲ ಬರೆಯೋಕೆ ಬರುತ್ತಾ?

ಸ್ವಂತ ಆಸ್ತಿಯಾದರೆ ಬರುತ್ತದೆ. ಮಕ್ಕಳಿಗೆ ಇಷ್ಟು ಬಿಡಲೇಬೇಕು ಅನ್ನುವ ನಿಯಮ ಹಿಂದೂ ಕಾನೂನಿನಲ್ಲಿಲ್ಲ. ನೋವಾಗುವುದು ಸಹಜ, ಆದರೆ ನೋವು ವಿಲ್ ರದ್ದಿಗೆ ಕಾರಣವಾಗುವುದಿಲ್ಲ. ಅವಿಭಕ್ತ ಕುಟುಂಬದ ಮನೆಯಾದರೆ ಅಪ್ಪ ಬರೆಯಬಹುದಾದದ್ದು ಅಪ್ಪನದೇ ಪಾಲನ್ನು ಮಾತ್ರ.

ಅವರಿಗೆ ಪ್ರೊಬೇಟ್ ಸಿಕ್ಕಿಬಿಟ್ಟಿದೆ. ಇನ್ನು ಎಲ್ಲ ಮುಗೀತಾ?

ಮುಗಿದಿಲ್ಲ. ಪ್ರೊಬೇಟ್ ಕೋರ್ಟು ನೋಡುವುದು ವಿಲ್ ಅಸಲಿಯಾ ಅಂತ. ಮನೆ ನಿಜಕ್ಕೂ ಅಪ್ಪನದ್ದಾಗಿತ್ತಾ, ಅದರಲ್ಲಿ ನಿಮ್ಮ ಪಾಲು ಮೊದಲೇ ಇತ್ತಾ ಅನ್ನುವುದನ್ನು ಅದು ತೀರ್ಮಾನಿಸುವುದಿಲ್ಲ. ಅದಕ್ಕೆ ಸಿವಿಲ್ ದಾವೆ ಹಾಕುವ ದಾರಿ ತೆರೆದೇ ಇರುತ್ತದೆ. ನಿಮಗೆ ನೋಟಿಸ್ ಕೊಡದೆಯೋ ಸತ್ಯ ಮುಚ್ಚಿಟ್ಟೋ ಪ್ರೊಬೇಟ್ ತೆಗೆದುಕೊಂಡಿದ್ದರೆ 1925ರ ಕಾಯ್ದೆಯ 263ನೇ ಕಲಂ ಕೆಳಗೆ ಅದನ್ನೇ ರದ್ದು ಮಾಡಿ ಅಂತ ಕೇಳಬಹುದು.

## ಮನೆಯೊಳಗಿನ ಜಗಳ

ಅಪ್ಪ-ಅಮ್ಮನ್ನ ಕೊನೇವರೆಗೂ ನೋಡ್ಕೊಂಡಿದ್ದು ನಾನು. ನಂಗೂ ಅಮೆರಿಕದ ಅಣ್ಣಂಗೂ ಒಂದೇ ಪಾಲಾ?

ಕಾನೂನಿನ ಲೆಕ್ಕದಲ್ಲಿ ಹೌದು. ಡಯಾಪರ್ ಬದಲಿಸಿದ್ದು, ರಾತ್ರಿ ಎದ್ದು ಕೂತದ್ದು, ಕೆಲಸ ಬಿಟ್ಟದ್ದು, ಯಾವುದಕ್ಕೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಚ್ಚುವರಿ ಪಾಲಿಲ್ಲ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ, ಆದರೆ ಇರುವುದು ಹೀಗೆ. ಚಾವಣಿ ಸೋರುತ್ತಿದ್ದದ್ದು ರಿಪೇರಿ ಮಾಡಿಸಿದ್ದು, ಮನೆ ಸಾಲ ತೀರಿಸಿದ್ದು, ಕಂದಾಯ ಕಟ್ಟಿದ್ದು ಇವಕ್ಕೆ ರಸೀದಿ ಇದ್ದರೆ ಕೊನೆಯ ಹಂಚಿಕೆಯಲ್ಲಿ ಹೊಂದಿಸಿಕೊಡಿ ಎಂದು ಕೇಳಬಹುದು. ಸೇವೆಗೆ ಬೆಲೆ ಸಿಗಬೇಕಾದರೆ ಅದನ್ನು ಹೆತ್ತವರೇ ವಿಲ್‌ನಲ್ಲಿ ಬರೆಯಬೇಕು, ಅಥವಾ ದೂರದಲ್ಲಿರುವವರು ತಾವಾಗಿ ಬಿಟ್ಟುಕೊಡಬೇಕು. ದೂರದಲ್ಲಿರುವ ಅಣ್ಣ-ಅಕ್ಕಂದಿರೇ, ನಿಮ್ಮ ತಂಗಿ ಕೇಳಲಿ ಅಂತ ಕಾಯಬೇಡಿ. ಅವಳು ಕೇಳುವುದಿಲ್ಲ, ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾಳೆ.

ತಮ್ಮ ಮನೆಗೆ ಬೀಗ ಹಾಕ್ಕೊಂಡಿದ್ದಾನೆ, ಮೇಲಿನ ಬಾಡಿಗೆನೂ ಅವನೇ ತಗೋತಾನೆ. ತಡ ಮಾಡಿದ್ರೆ ನಮ್ಮ ಹಕ್ಕು ಹೋಗುತ್ತಾ?

ಪಾಲುದಾರರಲ್ಲಿ ಒಬ್ಬರು ಮನೆಯಲ್ಲಿದ್ದರೆ ಅದು ಎಲ್ಲರ ಪರವಾಗಿ ಇದ್ದ ಹಾಗೆ. ಸುಮ್ನೆ ಅವನು ಒಳಗಿದ್ದಾನೆ ಅಂತ ನಿಮ್ಮ ಹಕ್ಕು ಕರಗುವುದಿಲ್ಲ. ಆದರೆ ನಿಮಗೇನೂ ಇಲ್ಲ ಅಂತ ಬಹಿರಂಗವಾಗಿ ಹೇಳಿ ಹೊರಗಿಟ್ಟ ಮೇಲೆ ಹನ್ನೆರಡು ವರ್ಷದ ಗಡಿಯಾರ ಓಡಲು ಶುರುವಾಗಬಹುದು. ಬಾಡಿಗೆಯ ಲೆಕ್ಕವನ್ನು ಪಾಲಿನ ದಾವೆಯಲ್ಲೇ ಕೇಳಬಹುದು. ಬಾಡಿಗೆದಾರರ ಹತ್ತಿರ ಕರಾರುಪತ್ರದ ನಕಲು ಕೇಳಿ, ಮೊದಲು ವಕೀಲರಿಂದ ಒಂದು ನೋಟಿಸ್ ಕಳಿಸಿ. ಬೀಗ ಒಡೆಯಲು ಹೋಗಬೇಡಿ, ಪಾಲಿನ ಕೇಸು ಕ್ರಿಮಿನಲ್ ಕೇಸಾಗಿ ಬೆಳೆಯುವುದು ಅಲ್ಲೇ.

ಒಬ್ಬ ಅಣ್ಣ ತನ್ನ ಪಾಲು ಹೊರಗಿನವರಿಗೆ ಮಾರ್ತೀನಿ ಅಂತ ಹೆದರಿಸ್ತಿದ್ದಾನೆ.

ಪಾಲಾಗದ ತನ್ನ ಭಾಗವನ್ನು ಅವನು ಮಾರಬಹುದು. ಆದರೆ ಕೊಂಡವನು ನಿಮ್ಮ ಅಡುಗೆಮನೆಗೆ ಬಂದು ಕೂರುವಂತಿಲ್ಲ. ವಾಸದ ಮನೆಯ ಪಾಲನ್ನು ಕುಟುಂಬದವನಲ್ಲದವನು ಕೊಂಡರೆ ಅವನಿಗೆ ಜಂಟಿ ಸ್ವಾಧೀನದ ಹಕ್ಕಿಲ್ಲ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಂ ಹೇಳುತ್ತದೆ. ಅವನು ಪಾಲಿಗಾಗಿ ದಾವೆ ಹಾಕಿದರೆ, 1893ರ ವಿಭಾಗ ಕಾಯ್ದೆಯ 4ನೇ ಕಲಂ ಪ್ರಕಾರ ಕೋರ್ಟು ಕಟ್ಟಿದ ಬೆಲೆಗೆ ಆ ಪಾಲನ್ನು ನೀವೇ ಕೊಂಡುಕೊಳ್ಳಬಹುದು. ಮಾರುವ ಮೊದಲೇ ನನಗೆ ಕೊಡು ಎಂದು ಕೇಳುವ ಹಕ್ಕು ಉತ್ತರಾಧಿಕಾರ ಕಾಯ್ದೆಯ 22ನೇ ಕಲಂನಲ್ಲಿದೆ.

ಅಮ್ಮ ಇನ್ನೂ ಇದ್ದಾರೆ. ಈಗಲೇ ಪಾಲು ಮಾಡ್ಕೊಂಡ್ರೆ ತಪ್ಪಾ?

ಕಾನೂನು ತಡೆಯುವುದಿಲ್ಲ. ಆದರೆ ಅಮ್ಮನ ಪಾಲು ಅಮ್ಮನ ಹೆಸರಿನಲ್ಲೇ ಇರಲಿ. ತಿಂಗಳಿಗೊಬ್ಬರ ಮನೆ ಅಂತ ಸೂಟ್‌ಕೇಸ್ ಹಿಡಿದು ಓಡಾಡುವ ಸ್ಥಿತಿ ಅವರಿಗೆ ಬರಬಾರದು. ಅಮ್ಮ ಯಾರಿಗಾದರೂ ದಾನಪತ್ರ ಮಾಡಲು ಹೊರಟಿದ್ದರೆ, ನನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು, ಮನೆಯಲ್ಲಿ ವಾಸದ ಹಕ್ಕು ನನ್ನದೇ ಎಂದು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಕೆಳಗೆ, ನೋಡಿಕೊಳ್ಳದಿದ್ದರೆ ದಾನಪತ್ರ ರದ್ದು ಮಾಡಿಸಲು ಉಪವಿಭಾಗಾಧಿಕಾರಿಗಳ ಮುಂದೆ ಹೋಗಬಹುದು, ಮತ್ತು ಅಲ್ಲಿ ಆ ಷರತ್ತು ಎಷ್ಟು ಸ್ಪಷ್ಟವಾಗಿದೆ ಅನ್ನುವುದೇ ಮೊದಲು ಏಳುವ ಪ್ರಶ್ನೆ. ವಿಲ್ ಆದರೆ ಬದುಕಿರುವಷ್ಟು ಕಾಲ ಎಷ್ಟು ಸಲ ಬೇಕಾದರೂ ಬದಲಿಸಬಹುದು. ನನ್ನನ್ನು ಕೇಳಿದರೆ ವಿಲ್ಲೇ ವಾಸಿ.

ಅಪ್ಪನಿಗೆ ಇನ್ನೊಂದು ಸಂಸಾರ ಇತ್ತು ಅಂತ ಈಗ ಗೊತ್ತಾಯ್ತು. ಅವರಿಗೂ ಪಾಲಿದೆಯಾ?

ಮೊದಲ ಹೆಂಡತಿ ಇರುವಾಗಲೇ ಆದ ಮದುವೆ ಅಸಿಂಧು, ಆ ಹೆಂಗಸಿಗೆ ವಾರಸುದಾರಳಾಗಿ ಪಾಲಿಲ್ಲ. ಆ ಮಕ್ಕಳಿಗೆ ಇದೆ. ನಮ್ಮ ಕರ್ನಾಟಕದ್ದೇ ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲೂ ಅಪ್ಪನ ಭಾಗಕ್ಕೆ ಎಷ್ಟು ಬರುತ್ತಿತ್ತೋ ಅದರಲ್ಲಿ ಈ ಮಕ್ಕಳಿಗೂ ಪಾಲು. ಅಪ್ಪನ ಭಾಗ ಬಿಟ್ಟು ಬೇರೆಯವರ ಭಾಗದಲ್ಲಿ ಇಲ್ಲ. ಆ ಮಕ್ಕಳ ಮೇಲಿನ ಸಿಟ್ಟನ್ನು ದಯವಿಟ್ಟು ಬದಿಗಿಡಿ, ಅವರೇನೂ ಮಾಡಿದವರಲ್ಲ.

## ಪಾಲು ಮಾಡುವುದು, ಕೋರ್ಟು, ಮಾರಾಟ

ಮನೇಲೇ ಕೂತು ಪಾಲು ಮಾಡ್ಕೊಂಡು ಹಾಳೆ ಮೇಲೆ ಸಹಿ ಹಾಕಿದ್ವಿ. ಸಾಕಾ?

ಬಾಯಿಮಾತಿನಲ್ಲಿ ಮೊದಲೇ ಪಾಲು ಮಾಡಿಕೊಂಡು, ಆಮೇಲೆ ನೆನಪಿಗೆ ಬರೆದಿಟ್ಟ ಪಾಲುಪಟ್ಟಿಗೆ ನೋಂದಣಿ ಬೇಡ ಎಂದು 1976ರ ಕಾಲೇ ಪ್ರಕರಣದಿಂದ ಮಾನ್ಯತೆ ಇದೆ. ಆದರೆ ಆ ಹಾಳೆಯೇ ಪಾಲು ಮಾಡುತ್ತಿದ್ದರೆ ನೋಂದಣಿ ಬೇಕೇ ಬೇಕು. ಎರಡರ ನಡುವಿನ ಗೆರೆ ಬಹಳ ತೆಳುವು, ಒಂದು ವಾಕ್ಯದ ಮೇಲೆ ಕೇಸು ತಿರುಗುತ್ತದೆ. ಮುಂದೆ ಬ್ಯಾಂಕ್ ಸಾಲ, ಮಾರಾಟ ಅಂತ ಬಂದಾಗ ಋಣಭಾರ ಪತ್ರದಲ್ಲಿ ಕಾಣದ ಪಾಲನ್ನು ಯಾರೂ ಒಪ್ಪುವುದಿಲ್ಲ. ಕುಟುಂಬದವರ ನಡುವಿನ ವಿಭಾಗ ಪತ್ರಕ್ಕೆ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಮೇಲಲ್ಲ, ಪಾಲಿಗೆ ಇಷ್ಟು ಅಂತ ನಿಗದಿಯಾದ ಮೊತ್ತ. ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಪಾಲಿನ ದಾವೆ ಹಾಕಿ ಗೆದ್ವಿ. ಎರಡು ವರ್ಷ ಆದ್ರೂ ಮನೆ ಕೈಗೆ ಬಂದಿಲ್ಲ ಯಾಕೆ?

ನೀವು ಗೆದ್ದದ್ದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಪಾಲು ಅಂತ ಅದು ಹೇಳುತ್ತದೆ. ಯಾವ ಗೋಡೆ ಯಾರಿಗೆ ಅಂತ ಹೇಳುವುದು ಅಂತಿಮ ಡಿಕ್ರಿ, ಕೋರ್ಟಿನ ಆವರಣದಲ್ಲಿ ಎಫ್‌ಡಿಪಿ ಅನ್ನುತ್ತಾರಲ್ಲ, ಅದು. ಎಷ್ಟೋ ಜನ ಮೊದಲನೆಯದು ಸಿಕ್ಕಿದ ಕೂಡಲೇ ಸಿಹಿ ಹಂಚಿ ಮನೆಗೆ ಹೋಗುತ್ತಾರೆ. ಪ್ರಾಥಮಿಕ ಡಿಕ್ರಿ ಆದ ಮೇಲೆ ಬೇರೆ ಅರ್ಜಿಗೆ ಕಾಯದೆ ಕೋರ್ಟುಗಳು ತಾವಾಗಿಯೇ ಮುಂದುವರಿಯಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದರೂ ನಿಮ್ಮ ವಕೀಲರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ದಾವೆ ಹಾಕುವಾಗಲೇ ಮನೆ ಮಾರದ ಹಾಗೆ ತಾತ್ಕಾಲಿಕ ತಡೆಯಾಜ್ಞೆ ಕೇಳುವುದು, ಎಲ್ಲ ವಾರಸುದಾರರನ್ನೂ ಎಲ್ಲ ಆಸ್ತಿಯನ್ನೂ ಸೇರಿಸುವುದು ಮುಖ್ಯ. ಒಬ್ಬ ಅತ್ತೆಯನ್ನೋ ಒಂದು ಸೈಟನ್ನೋ ಬಿಟ್ಟರೆ ದಾವೆಯೇ ಕುಂಟುತ್ತದೆ. ಕೋರ್ಟ್ ಶುಲ್ಕ, ನೀವೂ ಜಂಟಿ ಸ್ವಾಧೀನದಲ್ಲಿದ್ದೀರಿ ಅಂದರೆ ನಿಗದಿತ ಸಣ್ಣ ಮೊತ್ತ, ನಿಮ್ಮನ್ನು ಹೊರಹಾಕಿದ್ದಾರೆ ಅಂದರೆ ನಿಮ್ಮ ಪಾಲಿನ ಬೆಲೆಯ ಮೇಲೆ. ಹೆಂಗಸರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಇದು ಗೊತ್ತಿಲ್ಲದೆ ಬಳೆ ಒತ್ತೆಯಿಟ್ಟ ಅಕ್ಕಂದಿರಿದ್ದಾರೆ.

30-40 ಸೈಟಿನ ಮನೆ, ನಾವು ನಾಲ್ಕು ಜನ. ಹೇಗೆ ಕತ್ತರಿಸೋದು?

ಕೋರ್ಟ್ ಕಮಿಷನರ್ ಬಂದು ಟೇಪು ಹಿಡಿದು ಅಳೆದಾಗ ಕಾಣುವುದು ಇದೇ. ಕೆಳಗೊಂದು ಮನೆ, ಮೇಲೊಂದು ಮನೆ, ಮೆಟ್ಟಿಲು ಒಂದೇ, ಸಂಪು ಒಂದೇ, ಬೋರ್‌ವೆಲ್ ಒಂದೇ, ಕರೆಂಟಿನ ಆರ್‌ಆರ್ ನಂಬರ್ ಎರಡು. ರಸ್ತೆ ಕಡೆಗಿರುವುದು ಮೂವತ್ತು ಅಡಿ. ಅದನ್ನು ನಾಲ್ಕು ಮಾಡಿದರೆ ಒಬ್ಬರಿಗೆ ಏಳೂವರೆ ಅಡಿ, ಕಾರು ನಿಲ್ಲಿಸಿ ಬಾಗಿಲು ತೆಗೆಯಲೂ ಕಷ್ಟ. ಹೀಗಿದ್ದಾಗ, ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವವರು ಕೇಳಿದರೆ ಕೋರ್ಟು ಮನೆ ಮಾರಿ ದುಡ್ಡು ಹಂಚಲು ಹೇಳಬಹುದು. ಉಳಿದವರು ಬೆಲೆ ಕೊಟ್ಟು ಕೊಳ್ಳಲು ತಯಾರಿದ್ದರೆ ಅವರಿಗೆ ಮೊದಲ ಅವಕಾಶ. ಕೋರ್ಟಿನ ಹರಾಜಿಗಿಂತ ನೀವೇ ನಾಲ್ವರು ಸೇರಿ ಮಾರಿದರೆ ಬೆಲೆ ಚೆನ್ನಾಗಿ ಬರುತ್ತದೆ. ಅಥವಾ ಮನೆಯಲ್ಲೇ ಇರಬೇಕೆನ್ನುವವರು ಉಳಿದ ಮೂವರಿಗೆ ಕಂತಿನಲ್ಲಿ ಕೊಟ್ಟು ಹಕ್ಕು ಬಿಡಿಸಿಕೊಳ್ಳಲಿ, ಕೊನೆಯ ಕಂತಿನ ದಿನ ಬಿಡುಗಡೆ ಪತ್ರ.

ಕೇಸು ನಡೀತಿದೆ. ಮಧ್ಯದಲ್ಲಿ ರಾಜಿ ಆಗಬಹುದಾ?

ಯಾವ ಹಂತದಲ್ಲಾದರೂ. ಬೆಂಗಳೂರಿನಲ್ಲಿ 2007ರಿಂದ ಹೈಕೋರ್ಟಿನ ಅಡಿಯಲ್ಲಿ ಮಧ್ಯಸ್ಥಿಕಾ ಕೇಂದ್ರ ನಡೆಯುತ್ತಿದೆ, ಜಿಲ್ಲೆಗಳಲ್ಲೂ ಇವೆ. ಅಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ನಿಮ್ಮ ಮೇಲೆ ಬಳಸುವಂತಿಲ್ಲ, ಹಾಗಾಗಿ ಜನ ಬಾಯಿ ಬಿಡುತ್ತಾರೆ. ಒಂದು ಮನೆಯವರು ವರ್ಷಾನುಗಟ್ಟಲೆ ಚದರಡಿಗೆ ಹೊಡೆದಾಡಿ ಅಲ್ಲಿ ಹೋಗಿ ಕೂತಾಗ, ತಂಗಿ ಕೇಳಿದ್ದು ಅಮ್ಮನ ಒಡವೆ ಡಬ್ಬಿಯಲ್ಲಿದ್ದ ಎರಡೆಳೆ ಸರ ಎಲ್ಲಿ ಅಂತ. ಅತ್ತಿಗೆ ಅದನ್ನು ತಂದುಕೊಟ್ಟ ಮೇಲೆ ಪಾಲಿನ ಮಾತು ಬೇಗ ಮುಗಿಯಿತು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಆದ್ದರಿಂದ ಸಹಿ ಹಾಕುವ ಮುಂಚೆ ಮನೆಯ ಚಕ್ಕುಬಂದಿ, ಅಳತೆ, ಯಾರು ಯಾವಾಗ ಖಾಲಿ ಮಾಡಬೇಕು ಅನ್ನುವುದನ್ನೆಲ್ಲ ಓದಿ ನೋಡಿ.

ನಾನು ಹೊರದೇಶದಲ್ಲಿದ್ದೀನಿ. ತಮ್ಮನಿಗೆ ಜಿಪಿಎ ಕೊಟ್ರೆ ಆಗುತ್ತಾ?

ಆಗುತ್ತದೆ. ಜಿಪಿಎ ಅಂದರೆ ನಿಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ. ಅಲ್ಲಿಯ ಭಾರತೀಯ ದೂತಾವಾಸದಲ್ಲೋ ನೋಟರಿ ಮುಂದೆಯೋ ಸಹಿ ಮಾಡಿ ಕಳಿಸಿ. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಎಲ್ಲ ಅಧಿಕಾರ ಒಟ್ಟಿಗೆ ಕೊಡಬೇಡಿ. ಕೋರ್ಟಿಗೆ ಹಾಜರಾಗಲು, ಖಾತಾ ಅರ್ಜಿ ಹಾಕಲು ಅಂತ ಇಷ್ಟಿಷ್ಟೇ ಬರೆಯಿರಿ, ಮಾರುವ ಅಧಿಕಾರ ಬೇರೆ ಇಟ್ಟುಕೊಳ್ಳಿ. ಅಪ್ಪ ಬದುಕಿದ್ದಾಗ ಅಣ್ಣನಿಗೆ ಕೊಟ್ಟಿದ್ದ ಜಿಪಿಎ ಅಪ್ಪ ಹೋದ ದಿನವೇ ಸತ್ತಂತೆ, ಅದನ್ನು ತೋರಿಸಿ ಆಮೇಲೆ ಮಾರಿದ್ದರೆ ಕೂಡಲೇ ವಕೀಲರ ಹತ್ತಿರ ಹೋಗಿ.

ನಾವು ಮುಸ್ಲಿಮರು, ಪಕ್ಕದ ಮನೆಯವರು ಕ್ರೈಸ್ತರು. ನಮಗೆ ಯಾವ ನಿಯಮ?

ಮುಸ್ಲಿಮರಿಗೆ ಷರಿಯತ್‌ನ ಪಾಲುಗಳು. ಸಾಲ ಮತ್ತು ಅಂತ್ಯಕ್ರಿಯೆ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗದವರೆಗೆ ಮಾತ್ರ ವಸಿಯತ್, ಅಂದರೆ ವಿಲ್, ಮಾಡಬಹುದು. ಅದಕ್ಕಿಂತ ಜಾಸ್ತಿ ಬರೆದಿದ್ದರೆ ಉಳಿದ ವಾರಸುದಾರರು ಒಪ್ಪಬೇಕು. ಕ್ರೈಸ್ತರಿಗೆ 1925ರ ಕಾಯ್ದೆ. ವಿಲ್ ಇಲ್ಲದಿದ್ದರೆ ಹೆಂಡತಿ ಅಥವಾ ಗಂಡನಿಗೆ ಮೂರನೇ ಒಂದು, ಉಳಿದ ಎರಡು ಭಾಗ ಮಕ್ಕಳಿಗೆ ಸಮವಾಗಿ, ಗಂಡು ಹೆಣ್ಣು ಭೇದವಿಲ್ಲ.

ಎಲ್ಲರೂ ಒಪ್ಪಿ ಮಾರ್ತಿದ್ದೀವಿ. ಟ್ಯಾಕ್ಸ್ ಎಷ್ಟು ಹೋಗುತ್ತೆ?

ವಾರಸಾಗಿ ಮನೆ ಬಂದದ್ದಕ್ಕೆ ತೆರಿಗೆ ಇಲ್ಲ, ತೀರಿಹೋದವರ ಆಸ್ತಿಯ ಮೇಲಿದ್ದ ಎಸ್ಟೇಟ್ ಡ್ಯೂಟಿ ಅನ್ನುವ ತೆರಿಗೆ 1985ರಲ್ಲೇ ಹೋಯಿತು. ಮಾರಿದಾಗ ಬರುವ ಲಾಭಕ್ಕೆ ಇದೆ, ಅವರವರ ಪಾಲಿಗೆ ಅವರವರು ಕಟ್ಟಬೇಕು. ಲಾಭ ಲೆಕ್ಕ ಹಾಕುವುದು ಅಪ್ಪ ಕೊಂಡ ಬೆಲೆಯಿಂದ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡಿದ್ದರೆ ಆ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು, ಅದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ಮಾಡಿಸಿಟ್ಟುಕೊಳ್ಳಿ. 2024ರ ಜುಲೈ 23ರಿಂದ ದರ ಶೇ 12.5, ಹಣದುಬ್ಬರದ ಹೊಂದಾಣಿಕೆ ಇಲ್ಲ. ಅದಕ್ಕೆ ಮೊದಲು ಪಡೆದ ಮನೆಯಾದರೆ ಇಲ್ಲಿ ವಾಸವಿರುವವರು ಹೊಂದಾಣಿಕೆಯೊಂದಿಗೆ ಶೇ 20ರ ಹಳೆಯ ಲೆಕ್ಕವನ್ನೂ ಹಾಕಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಹೊರದೇಶದಲ್ಲಿರುವ ಅಣ್ಣನಿಗೆ ಆ ಆಯ್ಕೆ ಇಲ್ಲ, ಜೊತೆಗೆ ಕೊಳ್ಳುವವರು ಅವನ ಪಾಲಿನಲ್ಲಿ ಹೆಚ್ಚು ತೆರಿಗೆ ಹಿಡಿದುಕೊಳ್ಳಬೇಕಾಗುತ್ತದೆ. ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಆಡಿಟರ್ ಹತ್ತಿರ ನಾಲ್ವರೂ ಒಟ್ಟಿಗೆ ಹೋಗಿ ಬನ್ನಿ, ಯಾರ ಕೈಗೆ ಎಷ್ಟು ಬರುತ್ತದೆ ಅನ್ನುವ ಲೆಕ್ಕ ಎಲ್ಲರ ಎದುರಿಗೇ ಆಗಲಿ.